ಇಪ್ಪತ್ತು ಗೆರೆಯ ಮಳೆ

ಕೀಟೊ
14 ಅಕ್ಟೋಬರ್ 1991

ಅಪ್ಪಾ,

ದೂರದಿಂದಲೇ ತಲೆ ಬಾಗಿಸಿದ್ದೇನೆ, ಆಶೀರ್ವಾದ ಮಾಡಿ. ನನಗೊಂದು ವಿಚಿತ್ರ ಸಿಕ್ಕಿದೆ. ಹೇಳದೆ ಇರಲಾಗುತ್ತಿಲ್ಲ, ಕ್ಷೇಮಸಮಾಚಾರವೆಲ್ಲ ಕೊನೆಗೆ.

ಪ್ರಬಂಧಕ್ಕೆ ವಿಷಯ ಕೊಡಿ ಎಂದು ಬುರ್ಬಾನೊ ಮೇಡಂ ಹಿಂದೆ ಎರಡು ತಿಂಗಳು ಅಲೆದಿದ್ದೆನಲ್ಲ, ಕೊನೆಗೆ ಅವರು ನನ್ನನ್ನು ಹವಾಮಾನ ಇಲಾಖೆಯ ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಒಂದು ಕಬ್ಬಿಣದ ಬೀರು ತೆರೆದರು. "ಇಪ್ಪತ್ತು ವರ್ಷದ ಮಳೆ ಇಲ್ಲಿ ಕೂತಿದೆ ನೋಡಮ್ಮ. ಯಾವುದನ್ನ ನಂಬಬೇಕು, ಯಾವುದನ್ನ ಬಿಡಬೇಕು, ನಿನ್ನ ಗಣಿತ ಏನು ಹೇಳುತ್ತೋ ನೋಡು. ಅದೇ ನಿನ್ನ ಪ್ರಬಂಧ" ಅಂದರು. ಧೂಳಿಗೆ ಸೀನುತ್ತ ಸೀನುತ್ತ ಮೂರನೇ ಅರೆಯ ಕಟ್ಟು ಬಿಚ್ಚಿದರೆ ಏನಿದೆ? ಪೂಕಟಾಂಬೊ ಮಳೆ ಕೇಂದ್ರ, ವೀಕ್ಷಕ ಮೆಲ್ಚೋರ್ ಯುಕಿಲೇಮಾ! ನಿಮ್ಮ ಸಹಿ, ಆ ಉದ್ದ ಬಾಲದ ಯ! ಇಡೀ ನೆಲಮಾಳಿಗೆಗೆ ಕೇಳುವಂತೆ "ನಮ್ಮಪ್ಪ, ನಮ್ಮಪ್ಪ" ಎಂದು ಕೂಗಿಬಿಟ್ಟೆ. ಕಾವಲುಗಾರ ಗಾಬರಿಯಾಗಿ ಓಡಿಬಂದ.

ವಿಚಿತ್ರ ಇರುವುದು ಇನ್ನು ಮುಂದೆ. ಮಳೆಮಾಪಕದಲ್ಲಿ ಕೂಡಿದ ನೀರನ್ನು ಸುರಿದು ಅಳೆಯಲು ಇಲಾಖೆ ಕೊಡುವ ಗಾಜಿನಲ್ಲಿ ಒಂದು ಮಿಲಿಮೀಟರ್ ಮಳೆಗೆ ಹತ್ತು ಗೆರೆ. ಅಂದರೆ ಮಳೆ 4.3 ಅಂತ ಬರೆಯಬಹುದು, 4.4 ಅಂತ ಬರೆಯಬಹುದು, ಅದಕ್ಕಿಂತ ಸಣ್ಣದನ್ನು ಆ ಗಾಜು ತೋರಿಸುವುದೇ ಇಲ್ಲ. ನಿಮ್ಮ ಹಾಳೆಗಳಲ್ಲಿ 1974ರ ಫೆಬ್ರವರಿಯಿಂದ 1982ರವರೆಗೆ 4.35, 0.15, 11.85 ಇಂಥ ಅಂಕಿಗಳಿವೆ. ಕೊನೆಯ ಅಂಕಿ ಯಾವಾಗಲೂ ಐದು, ಇಲ್ಲವೇ ಏನೂ ಇಲ್ಲ. ಎರಡಿಲ್ಲ, ಏಳಿಲ್ಲ. ಎಂಟು ವರ್ಷದಲ್ಲಿ ಒಂದೇ ಒಂದು ಸಲವೂ ಇಲ್ಲ! ಅದಕ್ಕೆ ಮೊದಲು ಹೀಗಿಲ್ಲ, ಆಮೇಲೂ ಹೀಗಿಲ್ಲ.

ಮೇಡಂ ಕನ್ನಡಕ ತೆಗೆದು ಮೆತ್ತಗೆ ಹೇಳಿದರು, "ಗಾಜು ತೋರಿಸದೇ ಇರೋದನ್ನ ಮನುಷ್ಯ ಬರೀತಾನೆ ಅಂದ್ರೆ, ಮನೇಲಿ ಕೂತು ಬರೆದಿದಾನೆ ಅಂತ ಅರ್ಥ. ನಿಮ್ಮಪ್ಪ ಅಂತ ಹೇಳ್ತಿಲ್ಲ. ಸಾಮಾನ್ಯವಾಗಿ ಹಾಗೆ."

ನೀವು ಹಾಗೆ ಮಾಡುವವರಲ್ಲ ಎಂದು ನನಗೆ ಗೊತ್ತು. ಆ ಐದು ಎಲ್ಲಿಂದ ಬಂತು, ಅಷ್ಟು ಹೇಳಿಬಿಡಿ.

ನಾನು ಚೆನ್ನಾಗಿದ್ದೇನೆ. ಅಮ್ಮನನ್ನು ಕೇಳಿದೆ ಎಂದು ಹೇಳಿ.

ನಿಮ್ಮ ಮಗಳು,
ಡೆಲ್ಫಿನಾ


ಪೂಕಟಾಂಬೊ
3 ನವೆಂಬರ್ 1991

ಮಗಳು ಡೆಲ್ಫಿನಾಳಿಗೆ,

ನಿನ್ನ ಕಾಗದ ಸತ್ತವರ ಹಬ್ಬದ ಹಿಂದಿನ ದಿನ ಬಸ್ಸಿನ ಮಾನುವೆಲ್ ಕೈಯಲ್ಲಿ ಬಂತು. ನಿನ್ನಜ್ಜಿಯ ಸಮಾಧಿಗೆ ಹೊಸದಾಗಿ ಸುಣ್ಣ ಹೊಡೆಸಿದೆವು. ನಿಮ್ಮಮ್ಮ ಒಂದು ಬುಟ್ಟಿ ಗೊಂಬೆರೊಟ್ಟಿ ಸುಟ್ಟಿದ್ದಳು, ಕೆನ್ನೀಲಿ ಗಂಜಿ ಕಾಯಿಸಿದ್ದಳು. ನಿನ್ನ ಪಾಲಿನ ರೊಟ್ಟಿಯನ್ನು ಕರಿ ಕುರಿ ತಿಂದುಬಿಟ್ಟಿತು. ಆಲೂಗಡ್ಡೆ ಈ ಸಲ ಪರವಾಗಿಲ್ಲ. ಆದರೆ ಮೇಲಿನ ಹೊಲಕ್ಕೆ ಮಂಜು ಹೊಡೆದಿದೆ.

ನಿನ್ನ ಮೇಡಂ ದೊಡ್ಡ ಓದಿದವರು, ಇರಲಿ. ಆದರೆ ಅವರು ಯಾವತ್ತಾದರೂ ಬೆಳಿಗ್ಗೆ ಏಳು ಗಂಟೆಗೆ ಈ ಗಾಳಿಯಲ್ಲಿ ನಿಂತು ಮಳೆ ಅಳೆದಿದ್ದಾರಾ? ಬೆರಳು ಮರಗಟ್ಟಿ ಗಾಜು ಹಿಡಿಯಲಿಕ್ಕೇ ಆಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಇಲಾಖೆಯ ಟೋಪಿ ನನ್ನ ತಲೆಯ ಮೇಲಿದೆ. ಊರಲ್ಲಿ ಕೇಳು, ಹಿರಿಯನೆಂಬ ಮರ್ಯಾದೆಯಿಂದ "ತೈತಾ ಮೆಲ್ಚೋರ್, ಇವತ್ತು ಬಿತ್ತೋಣವಾ ನಾಳೆ ಬಿತ್ತೋಣವಾ" ಅಂತ ನನ್ನನ್ನು ಕೇಳದೆ ಯಾರೂ ನೇಗಿಲು ಹೂಡುವುದಿಲ್ಲ.

ಆ ಕಾಲದ ಗಾಜು ಬೇರೆ ಥರ ಇತ್ತು. ಅಷ್ಟೇ. ಹಳೆಯ ಸಂಗತಿ ಈಗ ನೆನಪಿಲ್ಲ. ಬೇರೆ ಊರಿನ ಹಾಳೆ ತೆಗೆದುಕೊಂಡು ಓದು ಮುಗಿಸು. ಬೀರುವಿನ ತುಂಬ ಇವೆ ಎಂದು ನೀನೇ ಬರೆದಿದ್ದೀಯಲ್ಲ.

ಅಲ್ಲಿ ಚಳಿ ಅಂತ ಅಮ್ಮ ಉಣ್ಣೆಯ ಶಾಲು ಕಳಿಸಿದ್ದಾಳೆ.

ನಿನ್ನ ತಂದೆ,
ಮೆಲ್ಚೋರ್ ಯುಕಿಲೇಮಾ


ಕೀಟೊ
25 ನವೆಂಬರ್ 1991

ಅಪ್ಪಾ,

ಶಾಲು ಹೊದ್ದುಕೊಂಡೇ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಮೂರು ಸಲ ಓದಿದೆ. ಗಾಜು ಬೇರೆ ಥರ ಇತ್ತು ಎಂದಿರಲ್ಲ, ಇಲಾಖೆಯ ಉಗ್ರಾಣದ ಪಟ್ಟಿ ತೆಗೆಸಿ ನೋಡಿದೆ. 1969ರಲ್ಲಿ ಒಂದು ಗಾಜು ಕಳಿಸಿದ್ದಾರೆ, 1982ರಲ್ಲಿ ಇನ್ನೊಂದು. ಎರಡೂ ಒಂದೇ ಥರದವು.

ಸಿಟ್ಟಾಗಬೇಡಿ. ನಾನು ಜಗಳಕ್ಕೆ ಕೇಳುತ್ತಿಲ್ಲ. ಹಲ್ಲಿನ ಸಂದಿಯಲ್ಲಿ ಜೋಳದ ಸಿಪ್ಪೆ ಸಿಕ್ಕಿಕೊಂಡರೆ ನಾಲಿಗೆ ಅಲ್ಲಿಗೇ ಹೋಗುತ್ತಲ್ಲ, ನನ್ನ ಸ್ಥಿತಿ ಹಾಗಾಗಿದೆ.

ಕೆಳಗಿನ ಕಣಿವೆಯಲ್ಲಿ ಲಾ ಮೊಯಾ ಜಮೀನ್ದಾರರ ಮನೆಯಂಗಳದಲ್ಲೂ ಒಂದು ಮಳೆ ಕೇಂದ್ರ ಇತ್ತು. ಅಲ್ಲಿ ಅಳೆಯುತ್ತಿದ್ದದ್ದು ಒಬ್ಬ ಜರ್ಮನ್ ಪಾದ್ರಿ, ಗಡಿಯಾರದಂಥ ಮನುಷ್ಯನಂತೆ. ಆತನ ಹಾಳೆಗಳನ್ನೂ ನಿಮ್ಮ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ದಿನ ದಿನಕ್ಕೂ ತಾಳೆ ನೋಡಿದೆ. ಮನೆಯಲ್ಲಿ ಕೂತು ಬರೆದ ಅಂಕಿಗಳಾಗಿದ್ದರೆ ಆ ಎಂಟು ವರ್ಷ ತಾಳೆಯೇ ಆಗಬಾರದಿತ್ತು. ಆದದ್ದು ತಿರುಗುಮುರುಗು! ಆ ಎಂಟು ವರ್ಷಗಳಲ್ಲಿ ಪಾದ್ರಿಗೆ ಮಳೆ ಬಂದ ನೂರು ದಿನಗಳಲ್ಲಿ ತೊಂಬತ್ತೊಂದು ದಿನ ನಮ್ಮೂರಿಗೂ ಬಂದಿದೆ. ಉಳಿದ ವರ್ಷಗಳಲ್ಲಿ ಅರವತ್ತೇ ದಿನ. ಜಿನುಗು ಮಳೆಯೆಲ್ಲ ಮಾಯ. ಬಂದ ಮಳೆಯೂ ಐದು, ಹತ್ತು, ಹದಿನೈದು ಎಂದು ಲೆಕ್ಕ ಹಾಕಿಕೊಂಡು ಬಂದ ಹಾಗಿದೆ. ಮೇಡಂ ಹಾಳೆಯನ್ನು ತಲೆಕೆಳಗೆ ಮಾಡಿ ಕೂಡ ನೋಡಿದರು. "ಹಂಗಾದ್ರೆ ಸುಳ್ಳು ಅನ್ಕೊಂಡಿದ್ದೇ ನಿಜ, ನಿಜ ಅನ್ಕೊಂಡಿದ್ದೇ ಸಡಿಲ! ಆದ್ರೆ ಹೇಗೆ ಅಳೆದ್ರು ಅನ್ನೋದು ಗೊತ್ತಾಗ್ದೆ ನಾನು ಸಹಿ ಹಾಕಲ್ಲಮ್ಮ" ಅಂದರು.

ಇನ್ನೊಂದು ಸಂಗತಿ ಮೇಡಂಗೆ ಹೇಳಿಲ್ಲ. ಆ ವರ್ಷಗಳ ಹಾಳೆಗಳಲ್ಲಿ ಹನ್ನೆರಡು ತಿಂಗಳ ಸಹಿಯೂ ಒಂದೇ ಶಾಯಿಯಲ್ಲಿದೆ, ಒಂದೇ ಕೂತಲ್ಲಿ ಹಾಕಿದ ಹಾಗೆ. ಅಂಕಿಗಳದ್ದು ಬೇರೆ ಶಾಯಿ. ಏಳರ ಸೊಂಟಕ್ಕೆ ನೀವು ಎಳೆಯುವ ಅಡ್ಡಗೆರೆ ಅಲ್ಲಿಲ್ಲ.

ಇಲಾಖೆಗೆ ಹೊಸ ನಿರ್ದೇಶಕರು ಬಂದಿದ್ದಾರೆ. ದಾಖಲೆ ನಂಬಲಾಗದ ನಲವತ್ತು ಕೇಂದ್ರಗಳನ್ನು ಮುಚ್ಚುವ ಪಟ್ಟಿ ಸಿದ್ಧವಾಗಿದೆ. ಪೂಕಟಾಂಬೊ ಹನ್ನೊಂದನೆಯದು. ಮುಚ್ಚಿದರೆ, ನಾಳೆ ನಮ್ಮ ಬೆಟ್ಟಕ್ಕೆ ಕಾಲುವೆ ಬೇಕು ಎಂದು ಕೇಳಲು ಹೋದಾಗ ತೋರಿಸಲಿಕ್ಕೆ ಒಂದು ಕಾಗದವೂ ಇರುವುದಿಲ್ಲ.

ಆ ಏಳುಗಳನ್ನು ಬರೆದವರು ಯಾರಪ್ಪಾ?

ಡೆಲ್ಫಿನಾ


ಪೂಕಟಾಂಬೊ
15 ಡಿಸೆಂಬರ್ 1991

ಡೆಲ್ಫಿನಾ,

ನಿನ್ನನ್ನು ಓದಲು ಕಳಿಸಿದ್ದು ತಂದೆಯ ಸಹಿಯನ್ನು ದೀಪಕ್ಕೆ ಹಿಡಿದು ನೋಡಲಿ ಎಂದಲ್ಲ. ಇಪ್ಪತ್ತೆರಡು ವರ್ಷ ದುಡಿದದ್ದಕ್ಕೆ ಸ್ವಂತ ಮಗಳ ಬಾಯಲ್ಲಿ "ಸಡಿಲ" ಎಂಬ ಮಾತು ಬಂತು. ಮುಚ್ಚುವುದಾದರೆ ಮುಚ್ಚಲಿ. ಟೋಪಿ ಗೂಟಕ್ಕೆ ಹಾಕುತ್ತೇನೆ.

ಕ್ರಿಸ್‌ಮಸ್ಸಿಗೆ ಬರಲು ಪುರಸೊತ್ತಿಲ್ಲದಿದ್ದರೆ ಬರಬೇಡ.

ಮೆಲ್ಚೋರ್ ಯುಕಿಲೇಮಾ


ಪೂಕಟಾಂಬೊ
9 ಫೆಬ್ರವರಿ 1992

ಡೆಲ್ಫಿನಾ,

ಇದನ್ನು ಬರೆಯುತ್ತಿರುವುದು ನಾನು, ಹೆಂಗಸರ ಅಕ್ಷರ ತರಗತಿಯ ಟೀಚರ್ ತ್ರಾನ್ಸಿತೊ. ಹೇಳುತ್ತಿರುವವರು ನಿನ್ನ ತಾಯಿ. ನಾನು ತಿದ್ದಬಾರದಂತೆ, ಹೇಳಿದ್ದನ್ನು ಹಾಗೇ ಹಾಕಬೇಕಂತೆ. ಹಾಕುತ್ತಿದ್ದೇನೆ.

ಕೂಸೇ, ಕ್ರಿಸ್‌ಮಸ್ಸಿಗೆ ನೀನು ಬರಲಿಲ್ಲ. ನಿಮ್ಮಪ್ಪ ಎರಡು ದಿನ ಬಸ್ ನಿಲ್ಲೋ ಕಡೆ ಹೋಗಿ ನಿಂತ್ಕೊಂಡಿದ್ದ, ಕುರಿ ನೋಡೋಕೆ ಹೋಗಿದ್ದೆ ಅಂದ. ನಿನ್ನ ಕಾಗದ ಅವನು ನನಗೆ ಓದಿ ಹೇಳಿರಲಿಲ್ಲ. ಟ್ರಂಕಿನಲ್ಲಿತ್ತು. ನಾನೇ ಅಕ್ಷರ ಕೂಡಿಸ್ಕೊಂಡು ಓದಿದೆ. ಒಂದು ವಾರ ಹಿಡೀತು. ನಿನ್ನ ಅಕ್ಷರ ಕೋಳಿ ಕೆರೆದಂಗಿದೆ, ಇಷ್ಟು ಓದಿ ಏನು ಬಂತು?

ಆ ಏಳುಗಳು ನನ್ನವು.

ನಿನ್ನನ್ನ ರಿಯೋಬಾಂಬಾದ ಸಿಸ್ಟರ್‌ಗಳ ಶಾಲೆಗೆ ಬಿಟ್ಟ ವರ್ಷ ಅದು. ಕಾರ್ನಿವಲ್‌ನಲ್ಲಿ ಹುಡುಗರು ನೀರೆರಚಾಡ್ತಾ ಅಂಗಳಕ್ಕೆ ನುಗ್ಗಿದ್ರು, ಗಾಜು ಬಿದ್ದು ಒಡೀತು. ಬುಡದ ತುಂಡು ಮಾತ್ರ ಉಳೀತು, ಎರಡು ಮಿಲಿಮೀಟರಿನವರೆಗೆ. ಇಲಾಖೆಗೆ ಹೇಳಿದ್ರೆ ಕೆಲ್ಸ ಹೋಗುತ್ತೆ ಅಂತ ನಿಮ್ಮಪ್ಪ ಹೆದರಿದ. ಅದೇ ವಾರ ಅವನು ಕರಾವಳಿಗೆ ಕಬ್ಬು ಕಡಿಯೋಕೆ ಹೊರಡಬೇಕು, ನಿನ್ನ ಶಾಲೆಗೆ ಅಂತ. ಹನ್ನೆರಡು ಹಾಳೆಗೂ ಸಹಿ ಹಾಕಿಟ್ಟು, "ಅಸುನ್ಸಿಯೋನ್, ಅಂದಾಜಿಗೆ ಏನಾದ್ರೂ ಬರೀತಾ ಇರು, ಯಾರು ನೋಡ್ತಾರೆ" ಅಂದು ಹೋದ.

ನನಗೆ ಅಕ್ಷರ ಬರ್ತಿರಲಿಲ್ಲ. ಅಂಕಿ ಬರ್ತಿತ್ತು, ಗ್ವಾಮೋತೆ ಸಂತೇಲಿ ಈರುಳ್ಳಿ ಮಾರೋಳಿಗೆ ಅಂಕಿ ಬರದೇ ಇರುತ್ತಾ? ಆದ್ರೆ ಅಂದಾಜು ಹೇಗೆ ಬರೆಯೋದು? ನೀರು ಅಲ್ಲೇ ಕಣ್ಮುಂದೆ ಇದೆ. ಕುರಿಗೆ ಔಷಧಿ ಚುಚ್ಚೋ ದಪ್ಪ ಸಿರಿಂಜು ಇತ್ತಲ್ಲ, ಅದಕ್ಕೆ ಇಪ್ಪತ್ತು ಗೆರೆ. ಒಂದಿನ ಸುಮ್ನೆ ಅದರಲ್ಲಿ ನೀರು ಎಳೆದು ಆ ಒಡಕು ಗಾಜಿಗೆ ಬಿಟ್ಟೆ. ಸಿರಿಂಜು ಖಾಲಿ ಆಗೋದಕ್ಕೂ ನೀರು ಒಂದರ ಗೆರೆ ಮುಟ್ಟೋದಕ್ಕೂ ಸರಿ ಹೋಯ್ತು. ಇನ್ನೊಂದು ಬಿಟ್ಟೆ, ಎರಡರ ಗೆರೆ. ಕಾಕತಾಳೀಯ ಇರಬಹುದು ಅಂತ ಹತ್ತು ದಿನ ಮಾಡಿದೆ, ತಣ್ಣೀರಲ್ಲಿ, ಬಿಸಿ ಕಾಯಿಸಿದ ನೀರಲ್ಲಿ. ಬದಲಾಗಲಿಲ್ಲ. ಸಿರಿಂಜಿನ ಎರಡು ಗೆರೆಗೆ ಗಾಜಿನ ಒಂದು ಗೆರೆ. ಮಳೆ ಜೋರಾದ ದಿನ ಒಂದೊಂದು ಸಿರಿಂಜಿಗೆ ಒಂದೊಂದು ಜೋಳದ ಕಾಳು ಎತ್ತಿಡ್ತಿದ್ದೆ, ಮರೀಬಾರದು ಅಂತ.

ಒಂಟಿ ಗೆರೆ ಉಳಿದ್ರೆ ಏನು ಮಾಡೋದು? ಅಂಗಡಿ ರೊಸೌರಾನ ಕೇಳಿದೆ, "ಗೆರೇಲಿ ಅರ್ಧ ಅಂದ್ರೆ ಹೇಗೆ ಬರೀತಾರೆ?" "ಪಕ್ಕದಲ್ಲಿ ಐದು ಹಾಕು" ಅಂದ್ಲು. ಹಾಕಿದೆ. ಅಷ್ಟು ಬೇಡ ಅಂತ ಇಲಾಖೆಯವರು ಹೇಳಿದ್ದು ನನಗೇನು ಗೊತ್ತು? ಗೊತ್ತಿದ್ರೂ ಹಾಕ್ತಿದ್ದೆ. ನೀರು ಇತ್ತಲ್ಲ, ಹೇಗೆ ಬಿಡೋದು?

ಎಂಟು ವರ್ಷ. ನಿಮ್ಮಪ್ಪ ಆಗಸ್ಟಿನಲ್ಲಿ, ನೀನು ರಜಕ್ಕೆ ಬಂದಾಗ ಬರ್ತಿದ್ದ, ನೀನು ಹೋದ ಮೇಲೆ ಮತ್ತೆ ಹನ್ನೆರಡು ಹಾಳೆಗೆ ಸಹಿ ಹಾಕಿಟ್ಟು ಹೋಗ್ತಿದ್ದ. ಅಪ್ಪ ಕೂಲಿಗೆ ಹೋಗ್ತಾನೆ ಅಂತ ಮಗೂಗೆ ಗೊತ್ತಾಗ್ಬಾರ್ದು ಅಂತ ಅವನಿಗೆ. ಆಗಸ್ಟಿನಲ್ಲಿ ಮಳೇನೂ ಇಲ್ಲ ನೋಡು, ನೀನು ಏನೂ ನೋಡಲಿಲ್ಲ. ಆಮೇಲೆ ಅವನ ಮಂಡಿ ಹೋಯ್ತು, ಪೂರ್ತಿ ಬಂದುಬಿಟ್ಟ. ಹೊಸ ಗಾಜೂ ಬಂತು. ನಾನು ಸಿರಿಂಜು ತೊಳೆದು ಎತ್ತಿಟ್ಟೆ.

ಅವನ ಮೇಲೆ ಸಿಟ್ಟು ಮಾಡ್ಕೋಬೇಡ. ಈ ಕಾಗದದ ವಿಷಯ ಅವನಿಗೆ ಗೊತ್ತಿಲ್ಲ.

ಹೇಳಿದವರು: ಅಸುನ್ಸಿಯೋನ್ ಪಿಲಾಮುಂಗಾ
ಬರೆದವಳು: ತ್ರಾನ್ಸಿತೊ (ಬರೆಯುತ್ತ ಎರಡು ಸಲ ಪೆನ್ನು ಕೆಳಗಿಟ್ಟೆ, ಡೆಲ್ಫಿನಾ)


ಕೀಟೊ
23 ಫೆಬ್ರವರಿ 1992

ಅಮ್ಮಾ, ಅಪ್ಪಾ,

ಇಬ್ಬರಿಗೂ ಸೇರಿ ಬರೆಯುತ್ತಿದ್ದೇನೆ. ಅಪ್ಪಾ, ಅಮ್ಮ ನನಗೆ ಎಲ್ಲ ಹೇಳಿದ್ದಾಳೆ. ಅವಳ ಮೇಲೆ ರೇಗಬೇಡಿ.

ಅಮ್ಮಾ, ನಿನ್ನ ಕಾಗದ ಸಿಕ್ಕ ದಿನ ಔಷಧಿ ಅಂಗಡಿಗೆ ಓಡಿಹೋಗಿ ಇಪ್ಪತ್ತು ಮಿಲಿಲೀಟರಿನ ಸಿರಿಂಜು ಕೊಂಡು ತಂದೆ. ಮಳೆಮಾಪಕದ ಬಾಯಿಯ ವಿಸ್ತೀರ್ಣ ಇನ್ನೂರು ಚದರ ಸೆಂಟಿಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ಮಳೆ ನಿಂತರೆ ಸರಿಯಾಗಿ ಇಪ್ಪತ್ತು ಮಿಲಿಲೀಟರ್ ನೀರು. ಕಾಗದದ ಮೇಲೆ ಎರಡು ಸಾಲಿನ ಗುಣಾಕಾರ ಇದು. ಐದು ವರ್ಷ ಗಣಿತ ಓದಿದ ನನಗೆ ನಾಲ್ಕು ತಿಂಗಳು ಹೊಳೆಯಲಿಲ್ಲ! ನೀನು ಗುಣಾಕಾರ ಇಲ್ಲದೆ ನೀರು ಸುರಿದು ಕಂಡುಹಿಡಿದೆ, ಬಿಸಿನೀರಿನಲ್ಲೂ ಪರೀಕ್ಷೆ ಮಾಡಿದೆ. ಬಿಸಿನೀರಿನಲ್ಲಿ ಮಾಡಬೇಕು ಎಂದು ನಿನಗೆ ಯಾರು ಹೇಳಿದರು?

ಅಪ್ಪಾ, ಆಗಸ್ಟಿನಲ್ಲಿ ನಿಮ್ಮ ಅಂಗೈ ಮುಟ್ಟಿದರೆ ಗರಗಸದ ಹಾಗಿರುತ್ತಿತ್ತು. ಯಾಕೆ ಎಂದು ಕೇಳಿದ್ದೆ. "ಗಾಜು ಹಿಡಿದೂ ಹಿಡಿದೂ" ಅಂದಿದ್ದಿರಿ. ನಂಬಿಬಿಟ್ಟಿದ್ದೆ.

"ಸಡಿಲ" ಎಂದು ಬರೆದದ್ದು ತಪ್ಪಾಯಿತು.

ಈಗ ಕಷ್ಟದ ಮಾತು. ಹೇಗೆ ಅಳೆದಿರಿ ಎಂಬುದನ್ನು ಹೇಳದಿದ್ದರೆ ಆ ಎಂಟು ವರ್ಷ ಕಸದ ಬುಟ್ಟಿಗೆ, ಕೇಂದ್ರವೂ ಹೋಗುತ್ತದೆ. ಹೇಳಿದರೆ, ನೇಮಕವಾದವರು ಊರಿನಲ್ಲೇ ಇರಲಿಲ್ಲ ಎಂಬುದೂ ಹೊರಗೆ ಬರುತ್ತದೆ. ನಿಮ್ಮ ಟೋಪಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಮಾರ್ಚ್ ಕೊನೆಯಲ್ಲಿ ಇಂಜಿನಿಯರ್ ತೆರಾನ್ ಎಂಬವರು ತಪಾಸಣೆಗೆ ಬರುತ್ತಾರೆ. ನಾನು ಮೇಡಂಗೆ ಏನೂ ಹೇಳುವುದಿಲ್ಲ. ಹೇಳಬೇಕಾದವರು ನೀವು. ಹೇಳದಿದ್ದರೂ ನಿಮ್ಮ ಮಗಳೇ ನಾನು, ಬೇರೆ ಊರಿನ ಹಾಳೆ ತೆಗೆದುಕೊಳ್ಳುತ್ತೇನೆ.

ನಿಮ್ಮ
ಡೆಲ್ಫಿನಾ


ಪೂಕಟಾಂಬೊ
5 ಏಪ್ರಿಲ್ 1992

ಮಗಳೇ,

ಒಂದು ತಿಂಗಳು ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ನಿಮ್ಮಮ್ಮನ ಜೊತೆಗೂ ಮಾತಾಡಲಿಲ್ಲ. ಅವಳೂ ಮಾತು ಬಿಟ್ಟುಬಿಟ್ಟಳು, ತಟ್ಟೆ ಮುಂದಿಟ್ಟು ಹೋಗುತ್ತಿದ್ದಳು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಇಂಜಿನಿಯರ್ ತೆರಾನ್ 27ನೇ ತಾರೀಕು ಬೆಳಿಗ್ಗೆ ಆರೂವರೆಗೇ ಜೀಪಿನಲ್ಲಿ ಬಂದರು. ಸಣಕಲು ಮನುಷ್ಯ, ಮೂಗು ಕೆಂಪಗಾಗಿ "ಅಚಚಾಯ್, ಏನ್ ಚಳಿರೀ ಇದು!" ಅನ್ನುತ್ತಲೇ ಇಳಿದರು. ಹಿಂದಿನ ಸಂಜೆಯಿಂದ ಮಳೆ ಹಿಡಿದಿತ್ತು. ಅಂಗಳದಲ್ಲಿ ಊರಿನವರು ಇಪ್ಪತ್ತು ಮೂವತ್ತು ಮಂದಿ. ನಾನು ಟೋಪಿ ಹಾಕಿಕೊಂಡಿದ್ದೆ. ಅವರು ಹಾಳೆಗಳ ಕಟ್ಟು ಬಿಚ್ಚಿ, "ಈ ಎಂಟು ವರ್ಷದ ಐದುಗಳು ಎಲ್ಲಿಂದ ಬಂದವು ತೈತಾ ಮೆಲ್ಚೋರ್?" ಎಂದು ಕೇಳಿದರು.

ಗಾಜು ಬೇರೆ ಥರ ಇತ್ತು ಎಂದು ಹೇಳಲು ಬಾಯಿ ತೆರೆದೆ. ಬಾಗಿಲ ಬಳಿ ನಿಮ್ಮಮ್ಮ ನಿಂತಿದ್ದಳು. ನನ್ನ ಕಡೆ ನೋಡುತ್ತಲೂ ಇರಲಿಲ್ಲ, ಮಾಪಕದ ಕಡೆ ನೋಡುತ್ತಿದ್ದಳು. ಅದರೊಳಗೆ ಎಷ್ಟಿರಬಹುದು ಎಂಬ ಯೋಚನೆ ಅವಳಿಗೆ. ಹತ್ತು ವರ್ಷದಿಂದ ಪ್ರತಿ ಬೆಳಿಗ್ಗೆ ಹಾಗೆ ನೋಡುತ್ತಿದ್ದಳು, ನಾನು ಗೆರೆ ಸರಿಯಾಗಿ ನೋಡದೆ "ಹತ್ತು" ಎಂದು ಕೂಗಿ ಬರೆದರೆ ತುಟಿ ಬಿಗಿದುಕೊಂಡು ಒಳಗೆ ಹೋಗುತ್ತಿದ್ದಳು. ಅದು ಆಗ ನನಗೆ ಹೊಳೆಯಿತು.

"ಆ ಎಂಟು ವರ್ಷ ನಾನು ಇಲ್ಲಿರಲಿಲ್ಲ ಇಂಜಿನಿಯರೇ. ಕಬ್ಬು ಕಡೀತಿದ್ದೆ. ಅಳೆದೋಳು ಇವಳು" ಅಂದೆ. ಗುಂಪಿನಲ್ಲಿದ್ದ ಅಂಗಡಿ ರೊಸೌರಾ, "ನಮಗೆಲ್ಲ ಗೊತ್ತಿತ್ತು ಬಿಡೋ ಮೆಲ್ಚೋರ್" ಅಂದಳು. ಇಷ್ಟು ವರ್ಷ ಬಿತ್ತನೆ ಕೇಳಲು ಬರುತ್ತಿದ್ದವರು ನನ್ನನ್ನು ಕೇಳಿ ಹಿತ್ತಲ ಬಾಗಿಲಲ್ಲಿ ಅವಳನ್ನೂ ಕೇಳಿ ಹೋಗುತ್ತಿದ್ದರಂತೆ!

ತೆರಾನ್ ನಂಬಲಿಲ್ಲ. "ಕುರಿ ಸಿರಿಂಜಲ್ಲಾ?" ಎಂದು ನಕ್ಕರು. ನಿಮ್ಮಮ್ಮ ಒಳಗೆ ಹೋಗಿ ಅದನ್ನು ತಂದಳು. ಮಾಪಕದ ನೀರನ್ನು ಎಳೆದೆಳೆದು ಒಂದು ಬಾಟಲಿಗೆ ಬಿಟ್ಟಳು, ಆರು ಕಾಳು ಎತ್ತಿಟ್ಟಳು, ಕೊನೆಗೆ ಏಳು ಗೆರೆ. "ಆರು, ಮೂವತ್ತೈದು" ಅಂದಳು. ತೆರಾನ್ ಅದೇ ನೀರನ್ನು ಹೊಸ ಗಾಜಿಗೆ ಸುರಿದು ನೋಡಿ, "ಆರು ಪಾಯಿಂಟ್ ಮೂರು" ಅಂದರು.

"ಒಂದು ಗೆರೆ ಎಲ್ಲಿ ಹೋಯ್ತು ಇಂಜಿನಿಯರೇ?"

"ಮೂರೇ ಇರೋದಮ್ಮ."

"ಬಗ್ಗಿ ನೋಡಿ. ನಿಂತು ನೋಡಿದ್ರೆ ನೀರು ಸುಳ್ಳು ಹೇಳುತ್ತೆ."

ಆ ಮನುಷ್ಯ ಕೆಸರಿನಲ್ಲಿ ಮಂಡಿಯೂರಿದರು. ಬಹಳ ಹೊತ್ತು ನೋಡಿದರು. ನೀರು ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತಿತ್ತು. ಎದ್ದವರು ತಮ್ಮ ಹ್ಯಾಟು ತೆಗೆದರು, ಮಳೆಯಲ್ಲೇ.

ಎಂಟು ವರ್ಷದ ಹಾಳೆ ಉಳಿಯುತ್ತದೆ, ಕೇಂದ್ರವೂ ಉಳಿಯುತ್ತದೆ. ನಾನು ಉಳಿಯುವುದಿಲ್ಲ, ನಿಯಮ ಹಾಗಿದೆ. ಹೇಳದೆ ಊರು ಬಿಟ್ಟವನು ವೀಕ್ಷಕನಾಗಿರುವಂತಿಲ್ಲ. ಟೋಪಿ ಅಲ್ಲೇ ತೆಗೆದುಕೊಟ್ಟೆ. ತಲೆಗೆ ಗಾಳಿ ತಾಗಿ ಎರಡು ದಿನ ನೆಗಡಿ. ಹೊಸ ವೀಕ್ಷಕರಿಗೆ ಅರ್ಜಿ ಕರೆದಿದ್ದಾರೆ, ಓದು ಬರಹ ಬರಬೇಕಂತೆ, ಮೇ ತಿಂಗಳಲ್ಲಿ ಗ್ವಾಮೋತೆಯಲ್ಲಿ ಪರೀಕ್ಷೆ. ನಿಮ್ಮಮ್ಮ ಒಲೆಯ ಮುಂದೆ ಕೂತು ತಿಂಗಳ ಹೆಸರು ಬರೆದು ಬರೆದು ಅಳಿಸುತ್ತಿದ್ದಾಳೆ. ಸೆಪ್ಟೆಂಬರ್ ಸರಿಯಾಗಿ ಬರುತ್ತಿಲ್ಲ. ನಾನು ಹೇಳಿಕೊಡಲು ಹೋದರೆ, "ನೀನು ಸುಮ್ನಿರು, ಅಂದಾಜಿಗೆ ಬರೆಯೋನು" ಎಂದು ಬಾಯಿ ಮುಚ್ಚಿಸುತ್ತಾಳೆ.

ಆದರೂ ಪರೀಕ್ಷೆಗೆ ಕರೆದುಕೊಂಡು ಹೋಗುವುದು ನಾನೇ.

ನಿನ್ನ ತಂದೆ,
ಮೆಲ್ಚೋರ್


ಪೂಕಟಾಂಬೊ
21 ಜೂನ್ 1992

ಡೆಲ್ಫಿನಾ,

ಇದು ನನ್ನದೇ ಕೈ. ತ್ರಾನ್ಸಿತೊ ಪಕ್ಕದಲ್ಲಿಲ್ಲ. ತಪ್ಪಿದ್ದರೆ ನಗು, ಪರವಾಗಿಲ್ಲ.

ಪರೀಕ್ಷೆ ಆಯಿತು. ಐದು ಜನ ಇದ್ದೆವು. ನಾನು ಒಬ್ಬಳೇ ಹೆಂಗಸು. ಕೆಲಸ ನನಗೆ ಬಂತು. ನಿಮ್ಮಪ್ಪ ಹೊರಗೆ ಜಗಲಿ ಮೇಲೆ ಕೂತಿದ್ದ. ನಾನು ಬಂದ ಕೂಡಲೇ ನನ್ನ ಮುಖ ನೋಡಿ ಹುರಿದ ಹಂದಿಮಾಂಸ ಕೊಡಿಸಿದ.

ನಿನ್ನ ಪ್ರಬಂಧದ ಮೊದಲ ಪುಟದಲ್ಲಿ ನನ್ನ ಹೆಸರು ಹಾಕುತ್ತೇನೆ ಎಂದು ಬರೆದಿದ್ದೀಯ. ಹಾಕು. ಪಿಲಾಮುಂಗಾ ಸರಿಯಾಗಿ ಬರಿ.

ಈಗ ನಾನು ಒಂದು ಕೇಳುತ್ತೇನೆ. ಇಷ್ಟು ವರ್ಷ ಕೇಳಲು ಯಾರೂ ಇರಲಿಲ್ಲ. ಕೆಲವು ದಿನ ರಾತ್ರಿ ಪೂರ್ತಿ ಮಳೆ ಇರುವುದಿಲ್ಲ. ಮೋಡ ಮಾತ್ರ ನೆಲದ ಮೇಲೆ ನಡೆದುಕೊಂಡು ಹೋಗುತ್ತದೆ, ಎದುರಿಗೆ ನಿಂತವರು ಕಾಣುವುದಿಲ್ಲ. ಬೆಳಿಗ್ಗೆ ನೋಡಿದರೆ ಮಾಪಕದಲ್ಲಿ ಒಂದು ಗೆರೆ, ಎರಡು ಗೆರೆ ನೀರು. ಹುಲ್ಲಿನ ಬುಡ ಒದ್ದೆ, ಒರತೆಯಲ್ಲಿ ನೀರು ಜಾಸ್ತಿ. ಮಳೆ ಬರದ ದಿನ ಸೊನ್ನೆ ಬರೆಯಬೇಕು ಎಂದು ನಿಮ್ಮಪ್ಪ ಹೇಳಿದ್ದ. ಸೊನ್ನೆ ಬರೆದೆ. ಆದರೆ ನೀರು ಇತ್ತಲ್ಲ. ಅದಕ್ಕೆ ನಿನ್ನ ಹಳೆಯ ಶಾಲೆ ಪುಸ್ತಕದ ಹಿಂದೆ ಬೇರೆ ಬರೆದಿಟ್ಟೆ. ಎಂಟು ವರ್ಷದ್ದೂ ಇದೆ. ಜೂನ್, ಜುಲೈನಲ್ಲಿ ಜಾಸ್ತಿ.

ಅದು ಮಳೆಯಾ? ಅಲ್ಲದಿದ್ದರೆ ಏನು? ಬೆಟ್ಟದ ಮೇಲಿನ ಹುಲ್ಲನ್ನೆಲ್ಲ ಸುಟ್ಟು ಉತ್ತರೆ ಆ ನೀರು ಬರುತ್ತದೋ ಬರುವುದಿಲ್ಲವೋ? ಮೇಲಿನ ಊರಿನವರು ಸುಡುತ್ತಿದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ.

ಪುಸ್ತಕ ಮಾನುವೆಲ್ ಬಸ್ಸಿನಲ್ಲಿ ಕಳಿಸಿದ್ದೇನೆ. ನಿನ್ನ ಮೇಡಂಗೆ ಈಗಲೇ ತೋರಿಸಬೇಡ. ನೀನು ಮೊದಲು ತಾಳೆ ನೋಡು. ನನ್ನ ಲೆಕ್ಕ ತಪ್ಪಿರಬಹುದು.

ಅಸುನ್ಸಿಯೋನ್ ಪಿಲಾಮುಂಗಾ
ಮಳೆ ವೀಕ್ಷಕಿ